ಎನ್‌ಐಆರ್‌ಎಫ್, ನ್ಯಾಕ್, ಎನ್‌ಬಿಎ: ಕಾಲೇಜು ಆರಿಸುವಾಗ ಯಾವುದನ್ನು ಎಲ್ಲಿ ನೋಡಬೇಕು?

ಪಿಯುಸಿ ಫಲಿತಾಂಶ ಬಂದರೆ ಸಾಕು, ಬಸ್ಸಿನ ಹಿಂಭಾಗ, ಪತ್ರಿಕೆಯ ಮುಖಪುಟ, ಸರ್ಕಲ್ಲಿನ ಫ್ಲೆಕ್ಸು ಎಲ್ಲ ಕಡೆ ಕಾಲೇಜುಗಳದೇ ಜಾಹೀರಾತು. ಒಂದರಲ್ಲಿ ‘ನ್ಯಾಕ್ ಎ++’ ಅಂತ ಇರುತ್ತದೆ. ಇನ್ನೊಂದರಲ್ಲಿ ‘ಎನ್‌ಐಆರ್‌ಎಫ್ 101–150’. ಮತ್ತೊಂದರಲ್ಲಿ ‘ಎನ್‌ಬಿಎ ಮಾನ್ಯತೆ’. ಅದರ ಪಕ್ಕದಲ್ಲೇ ಯಾವುದೋ ವಾರಪತ್ರಿಕೆ ಕೊಟ್ಟ ‘ದಕ್ಷಿಣ ಭಾರತದ ನಂಬರ್ ಒನ್’. ದೂರದಿಂದ ನೋಡಿದವರಿಗೆ ಇವೆಲ್ಲ ಒಂದೇ ಜಾತಿಯ ಬಿರುದುಗಳ ಹಾಗೆ ಕಾಣುತ್ತವೆ. ಆದರೆ ಇವು ಅಳೆಯುವುದು ಬೇರೆ ಬೇರೆ ಸಂಗತಿಗಳನ್ನು. ನಿಮ್ಮ ಮಗಳಿಗೆ ಬೇಕಾದದ್ದು ಒಂದು, ಜಾಹೀರಾತು ತೋರಿಸುತ್ತಿರುವುದು ಇನ್ನೊಂದು ಆಗಿರುವ ಸಾಧ್ಯತೆಯೇ ಜಾಸ್ತಿ.

ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ ಹೇಳುವುದಾದರೆ, ನ್ಯಾಕ್ (ಇಡೀ ಸಂಸ್ಥೆಯ ಗುಣಮಟ್ಟ ಅಳೆದು ಗ್ರೇಡು ಕೊಡುವ ಸಂಸ್ಥೆ) ಎನ್ನುವುದು ಫಸ್ಟ್ ಕ್ಲಾಸ್, ಡಿಸ್ಟಿಂಕ್ಷನ್ ಇದ್ದ ಹಾಗೆ. ಎಷ್ಟು ಜನ ಬೇಕಾದರೂ ಪಡೆಯಬಹುದು. ಎನ್‌ಐಆರ್‌ಎಫ್ ಎನ್ನುವುದು ರ‍್ಯಾಂಕ್. ಒಬ್ಬರು ಮೇಲೆ ಹೋದರೆ ಇನ್ನೊಬ್ಬರು ಕೆಳಗಿಳಿಯಲೇಬೇಕು. ಎನ್‌ಬಿಎ (ಒಂದೊಂದು ಕೋರ್ಸಿಗೆ ಮಾನ್ಯತೆ ಕೊಡುವ ಸಂಸ್ಥೆ) ಎನ್ನುವುದು ಒಂದೊಂದು ವಿಷಯದ ಅಂಕ.

ಈ ಮೂರಕ್ಕೂ ಮೊದಲು ಒಂದು ಮಾತು. ವಿಶ್ವವಿದ್ಯಾಲಯಕ್ಕೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಮನ್ನಣೆ ಇದೆಯೇ? ಎಂಜಿನಿಯರಿಂಗ್ ಕಾಲೇಜಿಗೆ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಅನುಮೋದನೆ ಇದೆಯೇ? ಇದು ಕಡ್ಡಾಯ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿಯೇ ಪ್ರಕಟಿಸುತ್ತದೆ. ಅಷ್ಟನ್ನು ನೋಡಿಕೊಂಡ ಮೇಲೆ ಗ್ರೇಡು, ರ‍್ಯಾಂಕಿನ ಮಾತು.

ಎನ್‌ಐಆರ್‌ಎಫ್: ರ‍್ಯಾಂಕಿನ ಹಿಂದಿನ ಲೆಕ್ಕ

ಇದು ಕೇಂದ್ರ ಶಿಕ್ಷಣ ಸಚಿವಾಲಯದ ಪಟ್ಟಿ. 2015ರ ಸೆಪ್ಟೆಂಬರಿನಲ್ಲಿ ಇದರ ಚೌಕಟ್ಟು ಬಂತು. 2016ರ ಏಪ್ರಿಲ್‌ನಲ್ಲಿ ಮೊದಲ ಪಟ್ಟಿ ಬಂತು. ಅಲ್ಲಿಂದ ಪ್ರತಿ ವರ್ಷ ಬರುತ್ತಿದೆ. ಒಟ್ಟಾರೆ, ವಿಶ್ವವಿದ್ಯಾಲಯ, ಕಾಲೇಜು, ಎಂಜಿನಿಯರಿಂಗ್, ಮ್ಯಾನೇಜ್‌ಮೆಂಟ್, ವೈದ್ಯಕೀಯ, ಕಾನೂನು, ಫಾರ್ಮಸಿ, ದಂತ ವೈದ್ಯಕೀಯ, ಕೃಷಿ ಅಂತ ವಿಭಾಗಗಳು ಬೆಳೆಯುತ್ತಲೇ ಇವೆ. ಒಂದೇ ಸಂಸ್ಥೆ ನಾಲ್ಕಾರು ವಿಭಾಗಗಳಲ್ಲಿ ಕಾಣಿಸಿಕೊಳ್ಳಬಹುದು. ಹಾಗಾಗಿ ‘ಎನ್‌ಐಆರ್‌ಎಫ್ ರ‍್ಯಾಂಕ್ 40’ ಅಂತ ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ್ದು ‘ಯಾವ ವಿಭಾಗದಲ್ಲಿ, ಯಾವ ವರ್ಷ?’ ಅಂತ.

ಎಂಜಿನಿಯರಿಂಗ್, ವಿಶ್ವವಿದ್ಯಾಲಯ ಮತ್ತು ಒಟ್ಟಾರೆ ವಿಭಾಗಗಳಲ್ಲಿ ನೂರು ಅಂಕ ಹೀಗೆ ಹಂಚಿಹೋಗುತ್ತದೆ. ಬೋಧನೆ, ಕಲಿಕೆ ಮತ್ತು ಸಂಪನ್ಮೂಲಕ್ಕೆ 30. ಸಂಶೋಧನೆಗೆ 30. ಓದಿ ಹೊರಬಂದವರ ಗತಿ ಏನಾಯಿತು ಎನ್ನುವುದಕ್ಕೆ 20. ಹೆಣ್ಣುಮಕ್ಕಳು, ಬೇರೆ ರಾಜ್ಯದವರು, ಹಿಂದುಳಿದವರು, ಅಂಗವಿಕಲರು ಎಷ್ಟರ ಮಟ್ಟಿಗೆ ಒಳಗಿದ್ದಾರೆ ಎನ್ನುವುದಕ್ಕೆ 10. ಉಳಿದ 10 ಅಂಕ ಹೆಸರಿಗೆ. ಅಂದರೆ ಪ್ರಾಧ್ಯಾಪಕರು, ಕೆಲಸ ಕೊಡುವ ಕಂಪನಿಯವರು ಆ ಸಂಸ್ಥೆಯ ಬಗ್ಗೆ ಏನು ಅಂದುಕೊಂಡಿದ್ದಾರೆ ಎನ್ನುವುದಕ್ಕೆ.

ಇಲ್ಲಿ ಸ್ವಲ್ಪ ನಿಲ್ಲಿ. ಬಿ.ಇ. ಓದಲು ಹೊರಟ ಹದಿನೆಂಟರ ಹುಡುಗನಿಗೆ ಸಂಶೋಧನೆಯ 30 ಅಂಕದಿಂದ ನೇರವಾಗಿ ಸಿಗುವುದೇನು? ಎಷ್ಟು ಪ್ರಬಂಧ ಪ್ರಕಟವಾಯಿತು, ಬೇರೆಯವರು ಅವನ್ನು ಎಷ್ಟು ಉಲ್ಲೇಖಿಸಿದರು, ಎಷ್ಟು ಪೇಟೆಂಟ್ ಬಂತು, ಎಷ್ಟು ಯೋಜನೆಗೆ ಹಣ ಬಂತು ಎನ್ನುವ ಲೆಕ್ಕ ಅದು. ಒಳ್ಳೆಯ ಸಂಶೋಧಕರು ಇರುವ ಕಡೆ ವಾತಾವರಣ ಚೆನ್ನಾಗಿರುತ್ತದೆ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಮೊದಲ ಸೆಮಿಸ್ಟರಿನ ಗಣಿತ ಪಾಠ ಯಾರು ಮಾಡುತ್ತಾರೆ ಎನ್ನುವುದಕ್ಕೆ ಆ ಅಂಕ ಉತ್ತರ ಕೊಡುವುದಿಲ್ಲ. ಇನ್ನು ಹೆಸರಿನ 10 ಅಂಕ. ಹಳೆಯ, ದೊಡ್ಡ ಊರಿನ ಸಂಸ್ಥೆಗಳಿಗೆ ಅದು ಸುಲಭವಾಗಿ ಬರುತ್ತದೆ. ಹಾವೇರಿಯಲ್ಲೋ ಚಾಮರಾಜನಗರದಲ್ಲೋ ಚೆನ್ನಾಗಿ ಪಾಠ ಮಾಡುವ ಕಾಲೇಜಿನ ಹೆಸರು ಮುಂಬೈಯ ಕಂಪನಿಯವನಿಗೆ ಗೊತ್ತಿರಬೇಕಲ್ಲ.

ಅದಕ್ಕೆ ನನ್ನ ಸಲಹೆ: ರ‍್ಯಾಂಕ್ ಬಿಡಿ, ಬಿಡಿ ಅಂಕಗಳನ್ನು ನೋಡಿ. ರ‍್ಯಾಂಕ್ ಪಡೆದ ಪ್ರತಿ ಸಂಸ್ಥೆಯ ಐದೂ ಅಂಕಗಳನ್ನು ಎನ್‌ಐಆರ್‌ಎಫ್ ಜಾಲತಾಣ ಬೇರೆ ಬೇರೆಯಾಗಿ ತೋರಿಸುತ್ತದೆ. ಪ್ರತಿಯೊಂದೂ ನೂರಕ್ಕೆ ಇಷ್ಟು ಅಂತ ಇರುತ್ತದೆ. ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ‘ಅ’ ಕಾಲೇಜಿಗೆ ಬೋಧನೆಯಲ್ಲಿ 52, ಸಂಶೋಧನೆಯಲ್ಲಿ 41, ಓದಿದವರ ಗತಿಯಲ್ಲಿ 58, ಒಳಗೊಳ್ಳುವಿಕೆಯಲ್ಲಿ 55, ಹೆಸರಿನಲ್ಲಿ 12. ‘ಆ’ ಕಾಲೇಜಿಗೆ ಅದೇ ಕ್ರಮದಲ್ಲಿ 63, 14, 66, 57, 5. ಲೆಕ್ಕ ಹಾಕಿದರೆ ‘ಅ’ ಕಾಲೇಜಿಗೆ 46.2, ‘ಆ’ ಕಾಲೇಜಿಗೆ 42.5. ಪಟ್ಟಿಯ ನಡುಭಾಗದಲ್ಲಿ ಅಂಕಗಳು ಒತ್ತೊತ್ತಾಗಿರುತ್ತವೆ. ಹಾಗಾಗಿ ಇಷ್ಟೇ ವ್ಯತ್ಯಾಸಕ್ಕೆ ಹತ್ತಾರು ಸ್ಥಾನ ಹಿಂದೆ ಮುಂದೆ ಆಗಿಬಿಡುತ್ತದೆ. ಆದರೆ ಪದವಿ ಓದುವ ಹುಡುಗನಿಗೆ ಬೇಕಾದ ಎರಡು ಸಾಲಿನಲ್ಲಿ, ಅಂದರೆ ಬೋಧನೆ ಮತ್ತು ಓದಿದವರ ಗತಿಯಲ್ಲಿ, ‘ಆ’ ಕಾಲೇಜೇ ಮುಂದಿದೆ. ಪಿಎಚ್‌.ಡಿ. ಮಾಡುವವರಿಗೆ ‘ಅ’ ಕಾಲೇಜು ವಾಸಿ. ಪಟ್ಟಿ ಒಂದೇ, ಉತ್ತರ ಎರಡು.

ವಿಭಾಗದ ಒಳಗೂ ಒಂದು ತಮಾಷೆ ಇದೆ. 2024ರ ವೈದ್ಯಕೀಯ ಪಟ್ಟಿಯಲ್ಲಿ ದೆಹಲಿಯ ಏಮ್ಸ್ ಮೊದಲು, ಚಂಡೀಗಢದ ಪಿಜಿಐ ಎರಡನೆಯದು, ವೆಲ್ಲೂರಿನ ಸಿಎಂಸಿ ಮೂರನೆಯದು, ನಮ್ಮ ನಿಮ್ಹಾನ್ಸ್ ನಾಲ್ಕನೆಯದು. ನಿಮ್ಹಾನ್ಸ್‌ನಲ್ಲಿ ಎಂಬಿಬಿಎಸ್ ಸೀಟು ಇಲ್ಲ. ಅದು ಮನಸ್ಸು ಮತ್ತು ನರಗಳ ಕಾಯಿಲೆಗಳ ಉನ್ನತ ಅಧ್ಯಯನ ಸಂಸ್ಥೆ. ಚಂಡೀಗಢದ ಪಿಜಿಐ ಕೂಡ ಸ್ನಾತಕೋತ್ತರ ಕಲಿಕೆಗೆಂದೇ ಕಟ್ಟಿದ್ದು. ನೀಟ್ ಬರೆದು ಎಂಬಿಬಿಎಸ್‌ಗೆ ಜಾಗ ಹುಡುಕುವವರಿಗೆ ಆ ನಾಲ್ಕು ಸಾಲುಗಳಲ್ಲಿ ಎರಡರಿಂದ ಪ್ರಯೋಜನವಿಲ್ಲ. ವಿಶ್ವವಿದ್ಯಾಲಯಗಳ ಪಟ್ಟಿಯಲ್ಲೂ ಹೀಗೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2016ರಿಂದಲೂ ಅಲ್ಲಿ ಮೊದಲ ಸ್ಥಾನ ಬಿಟ್ಟುಕೊಟ್ಟಿಲ್ಲ. ಸಂಶೋಧನೆಯನ್ನೇ ಉಸಿರಾಡುವ ಅಂಥ ಸಂಸ್ಥೆಯನ್ನೂ ನೂರಾರು ಕಾಲೇಜುಗಳಿಗೆ ಪರೀಕ್ಷೆ ನಡೆಸುವ ರಾಜ್ಯ ವಿಶ್ವವಿದ್ಯಾಲಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಫಲಿತಾಂಶ ಏನು ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. 2024ರಿಂದ ರಾಜ್ಯ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಬೇರೆಯದೇ ಪಟ್ಟಿ ಬರುತ್ತಿದೆ. ಒಳ್ಳೆಯದಾಯಿತು.

‘101–150’ ಎನ್ನುವ ಗುಂಪಿನ ಬಗ್ಗೆ ಒಂದು ಮಾತು. ಆ ಗುಂಪಿನ ಒಳಗೆ ಹೆಸರುಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿರುತ್ತವೆ. ಮೊದಲಿದ್ದದ್ದು 101, ಕೊನೆಗಿದ್ದದ್ದು 150 ಅಂತ ಅಲ್ಲ. ಬಿಡಿ ಅಂಕಗಳೂ ಅಲ್ಲಿ ಸಿಗುವುದಿಲ್ಲ.

ರ‍್ಯಾಂಕಿಗಿಂತ ಬೆಲೆಬಾಳುವ ಪಿಡಿಎಫ್

ಎನ್‌ಐಆರ್‌ಎಫ್‌ನಿಂದ ವಿದ್ಯಾರ್ಥಿಗೆ ಸಿಗುವ ಅತಿ ಉಪಯೋಗದ ವಸ್ತು ರ‍್ಯಾಂಕ್ ಅಲ್ಲ. ಅದಕ್ಕಾಗಿ ಕಾಲೇಜು ತುಂಬಿಕೊಟ್ಟ ಮಾಹಿತಿ. ಭಾಗವಹಿಸುವ ಪ್ರತಿ ಸಂಸ್ಥೆಯೂ ತಾನು ಸಲ್ಲಿಸಿದ ಅಂಕಿ ಅಂಶವನ್ನು ತನ್ನ ಜಾಲತಾಣದಲ್ಲಿ ಹಾಕಬೇಕು ಎನ್ನುವ ನಿಯಮವಿದೆ. ಸಾಮಾನ್ಯವಾಗಿ ಪುಟದ ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿ ‘ಎನ್‌ಐಆರ್‌ಎಫ್’ ಅಂತ ಒಂದು ಕೊಂಡಿ ಇರುತ್ತದೆ. ಅದನ್ನು ಒತ್ತಿದರೆ ವರ್ಷವಾರು ಪಿಡಿಎಫ್ ಸಿಗುತ್ತದೆ. ಜಾಹೀರಾತಿಗೆ ಖರ್ಚು ಮಾಡುವ ಯಾವ ಕಾಲೇಜೂ ಇದನ್ನು ಫ್ಲೆಕ್ಸಿನಲ್ಲಿ ಹಾಕುವುದಿಲ್ಲ. ಆದರೆ ಅಲ್ಲಿ ಇರುವುದು ಅವರೇ ಸರ್ಕಾರಕ್ಕೆ ಬರೆದುಕೊಟ್ಟ ಲೆಕ್ಕ.

ಅದರಲ್ಲಿ ಕೆಲಸಕ್ಕೆ ಬರುವ ಕೋಷ್ಟಕ ಪ್ಲೇಸ್‌ಮೆಂಟಿನದು. ಮೂರು ಬ್ಯಾಚುಗಳ ಲೆಕ್ಕ ಅಕ್ಕಪಕ್ಕದಲ್ಲಿರುತ್ತದೆ. ಮೊದಲ ವರ್ಷಕ್ಕೆ ಎಷ್ಟು ಜನ ಸೇರಿದರು, ಎರಡನೇ ವರ್ಷಕ್ಕೆ ಡಿಪ್ಲೊಮಾದಿಂದ ಎಷ್ಟು ಜನ ನೇರ ಸೇರಿದರು, ನಿಗದಿತ ಅವಧಿಯಲ್ಲಿ ಎಷ್ಟು ಜನ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಮಧ್ಯದ ಸಂಬಳ ಎಷ್ಟು, ಎಷ್ಟು ಜನ ಮುಂದೆ ಓದಲು ಹೋದರು. ಇಷ್ಟೇ.

ಒಂದು ಸಾಲನ್ನು ಹೇಗೆ ಓದಬೇಕು ಅಂತ ನೋಡೋಣ. ಅಂಕಿಗಳು ಉದಾಹರಣೆಗಾಗಿ ಮಾತ್ರ. ಮೊದಲ ವರ್ಷಕ್ಕೆ 220 ಜನ, ನೇರ ಎರಡನೇ ವರ್ಷಕ್ಕೆ 20 ಜನ, ಒಟ್ಟು 240. ನಾಲ್ಕು ವರ್ಷದಲ್ಲಿ ಮುಗಿಸಿದವರು 168. ಕೆಲಸ ಸಿಕ್ಕಿದ್ದು 96 ಜನಕ್ಕೆ. ಮುಂದೆ ಓದಲು ಹೋದವರು 12. ಮಧ್ಯದ ಸಂಬಳ ವರ್ಷಕ್ಕೆ 4 ಲಕ್ಷ.

ಈ ಕಾಲೇಜಿನ ಫ್ಲೆಕ್ಸಿನಲ್ಲಿ ‘ಶೇ 80 ಪ್ಲೇಸ್‌ಮೆಂಟ್’ ಅಂತ ಇರಬಹುದು. ಅದು ಪೂರ್ತಿ ಸುಳ್ಳೂ ಆಗಿರಲಿಕ್ಕಿಲ್ಲ. ಬ್ಯಾಕ್‌ಲಾಗ್ ಇಲ್ಲದ, ಕಂಪನಿ ಕೇಳಿದಷ್ಟು ಅಂಕ ಇರುವ, ನೋಂದಾಯಿಸಿಕೊಂಡ 120 ಜನರನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ 96 ಎನ್ನುವುದು ಶೇ 80 ಆಗುತ್ತದೆ. ಆದರೆ ಫೀಸು ಕಟ್ಟಿ ಒಳಗೆ ಹೋದವರು 240. ಆ ಲೆಕ್ಕದಲ್ಲಿ ಶೇ 40. ಅದಕ್ಕಿಂತಲೂ ನನ್ನ ಕಣ್ಣಿಗೆ ಬೀಳುವುದು 168. ಸೇರಿದವರಲ್ಲಿ ಶೇ 30ರಷ್ಟು ಜನ ಸಮಯಕ್ಕೆ ಮುಗಿಸಲೇ ಇಲ್ಲ. ಹುಡುಗರು ಓದಲಿಲ್ಲವೋ, ಪಾಠ ಸರಿಯಾಗಿ ನಡೆಯಲಿಲ್ಲವೋ, ಅದನ್ನು ಕಾಲೇಜಿಗೆ ಹೋದಾಗ ನೇರವಾಗಿ ಕೇಳಬೇಕು.

ಸಂಬಳದ ವಿಷಯ. ಜಾಹೀರಾತಿನಲ್ಲಿ ಇರುವುದು ಅತಿ ಹೆಚ್ಚಿನ ಪ್ಯಾಕೇಜ್. ಇನ್ನೂ ಸ್ವಲ್ಪ ಮರ್ಯಾದಸ್ಥರು ಸರಾಸರಿ ಹೇಳುತ್ತಾರೆ. ಒಬ್ಬನಿಗೆ 50 ಲಕ್ಷ ಸಿಕ್ಕಿದರೆ ಸರಾಸರಿ ಸುಮ್ನೆ ಮೇಲೇರುತ್ತದೆ. ಎನ್‌ಐಆರ್‌ಎಫ್ ಕೇಳುವುದು ಮಧ್ಯದ ಸಂಬಳ. ಕೆಲಸ ಸಿಕ್ಕವರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನದು. ಅರ್ಧ ಜನಕ್ಕೆ ಅದಕ್ಕಿಂತ ಕಡಿಮೆ. ನಿಮ್ಮ ಮಗ ಟಾಪರ್ ಆಗುವ ಖಾತ್ರಿ ಇಲ್ಲದಿದ್ದರೆ ನೋಡಬೇಕಾದ ಸಂಖ್ಯೆ ಇದೊಂದೇ. ಆದರೆ ಇದು ಎಲ್ಲ ಬ್ರಾಂಚುಗಳನ್ನೂ ಕಲಸಿದ ಸಂಖ್ಯೆ. ಕಂಪ್ಯೂಟರ್ ಸೈನ್ಸ್‌ನವರ ಸಂಬಳ ಸಿವಿಲ್‌ನವರ ಸಂಬಳವನ್ನು ಮುಚ್ಚಿಹಾಕಿರಬಹುದು.

ಅಧ್ಯಾಪಕರ ಪಟ್ಟಿ ಇದ್ದರೆ ಅದನ್ನೂ ಓದಿ. ಬಹಳಷ್ಟು ಕಡತಗಳಲ್ಲಿ ಹುದ್ದೆ, ಓದು, ಅನುಭವ, ಸೇರಿದ ದಿನಾಂಕ ಎಲ್ಲ ಇರುತ್ತದೆ. ಎಂಜಿನಿಯರಿಂಗ್‌ನಲ್ಲಿ 15 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರಿದ್ದರೆ ಎನ್‌ಐಆರ್‌ಎಫ್ ಪೂರ್ತಿ ಅಂಕ ಕೊಡುತ್ತದೆ. ಎಐಸಿಟಿಇ 20ಕ್ಕೆ ಒಬ್ಬರು ಸಾಕು ಅನ್ನುತ್ತದೆ. ಆದರೆ ಪಟ್ಟಿಯಲ್ಲಿರುವ ಅರ್ಧಕ್ಕರ್ಧ ಜನ ಹೋದ ವರ್ಷವಷ್ಟೇ ಸೇರಿದವರಾದರೆ ಆ ಅನುಪಾತಕ್ಕೆ ಅರ್ಥ ಕಡಿಮೆ. ವರ್ಷ ವರ್ಷ ಮೇಷ್ಟರು ಬದಲಾಗುವ ಕಡೆ ಕಲಿಕೆ ನೆಲೆಯೂರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಇದೂ ಗೊತ್ತಿರಲಿ: ಈ ಅಂಕಿ ಅಂಶದ ಬಹುಪಾಲನ್ನು ಕೊಡುವುದು ಕಾಲೇಜೇ. ಸಂಶೋಧನಾ ಪ್ರಬಂಧಗಳ ಲೆಕ್ಕ ಮಾತ್ರ ಸ್ಕೋಪಸ್, ವೆಬ್ ಆಫ್ ಸೈನ್ಸ್‌ನಂಥ ಹೊರಗಿನ ಭಂಡಾರಗಳಿಂದ ಬರುತ್ತದೆ. ಉಳಿದದ್ದನ್ನು ಎಷ್ಟರ ಮಟ್ಟಿಗೆ ತಾಳೆ ನೋಡುತ್ತಾರೆ ಎನ್ನುವ ಅನುಮಾನ ಇದ್ದೇ ಇದೆ. ಇದು ನಮ್ಮ ದೇಶದ ಕಾಯಿಲೆ ಮಾತ್ರ ಅಲ್ಲ. ಅಮೆರಿಕದ ಪ್ರಸಿದ್ಧ ಯು.ಎಸ್. ನ್ಯೂಸ್ ಪಟ್ಟಿಯಲ್ಲಿ ಎರಡನೇ ಸ್ಥಾನದಲ್ಲಿದ್ದ ಕೊಲಂಬಿಯಾ ವಿಶ್ವವಿದ್ಯಾಲಯ 2022ರಲ್ಲಿ 18ಕ್ಕೆ ಇಳಿಯಿತು. ಅಲ್ಲಿನ ಗಣಿತ ಪ್ರಾಧ್ಯಾಪಕರೊಬ್ಬರು ತಮ್ಮದೇ ವಿಶ್ವವಿದ್ಯಾಲಯ ಕೊಟ್ಟ ಅಂಕಿಗಳನ್ನು ಕೆದಕಿ, ತರಗತಿಯ ಗಾತ್ರದಂಥ ಲೆಕ್ಕಗಳು ಸರಿಯಿಲ್ಲ ಅಂತ ತೋರಿಸಿದ್ದರು. ಹಾಗಾಗಿ ಪಿಡಿಎಫ್ ಓದಿ, ಒಂದೇ ವರ್ಷದ್ದಲ್ಲ, ಎರಡು ಮೂರು ವರ್ಷದ್ದು ಓದಿ. ಮಧ್ಯದ ಸಂಬಳ ಒಂದೇ ವರ್ಷದಲ್ಲಿ ಎರಡು ಪಟ್ಟಾಗಿದ್ದರೆ ಹುಬ್ಬೇರಿಸಿ.

ಪಟ್ಟಿಯಲ್ಲೇ ಇಲ್ಲದ ಕಾಲೇಜು ಕೆಟ್ಟದ್ದೇ? ಅಲ್ಲ. ಭಾಗವಹಿಸುವುದು ಸಂಸ್ಥೆಯ ಇಷ್ಟ. ಕೇಂದ್ರ ಸರ್ಕಾರದ 2021–22ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ 45,473 ಕಾಲೇಜುಗಳಿದ್ದವು. 2024ರ ಎನ್‌ಐಆರ್‌ಎಫ್‌ಗೆ ಅರ್ಜಿ ಹಾಕಿದ ಸಂಸ್ಥೆಗಳು, ವಿಶ್ವವಿದ್ಯಾಲಯಗಳೂ ಸೇರಿ, 6,517. ಕಾಲೇಜು ವಿಭಾಗದ ಮೊದಲ ನೂರರಲ್ಲಿ ದೆಹಲಿ ಮತ್ತು ತಮಿಳುನಾಡಿನ ಹೆಸರುಗಳೇ ತುಂಬಿರುತ್ತವೆ. ನಿಮ್ಮ ಜಿಲ್ಲಾ ಕೇಂದ್ರದ ಹಳೆಯ ಡಿಗ್ರಿ ಕಾಲೇಜು ಅಲ್ಲಿ ಕಾಣದಿದ್ದರೆ ಅಷ್ಟಕ್ಕೇ ಅದನ್ನು ತಳ್ಳಿಹಾಕಬೇಡಿ.

ನ್ಯಾಕ್: ಗ್ರೇಡು ಸರಿ, ತಾರೀಖು ಯಾವುದು?

ನ್ಯಾಕ್ ಹುಟ್ಟಿದ್ದು 1994ರಲ್ಲಿ, ಯುಜಿಸಿಯ ಅಡಿಯಲ್ಲಿ. ಅದರ ಕೇಂದ್ರ ಕಚೇರಿ ಬೆಂಗಳೂರಿನ ನಾಗರಭಾವಿಯಲ್ಲೇ ಇದೆ. ಇದು ಒಂದು ಸಂಸ್ಥೆಯನ್ನು ಇನ್ನೊಂದರ ಜೊತೆ ಹೋಲಿಸುವುದಿಲ್ಲ. ಏಳು ಮಾನದಂಡಗಳ ಮೇಲೆ ಅಳೆದು ನಾಲ್ಕಕ್ಕೆ ಇಷ್ಟು ಅಂತ ಅಂಕ ಕೊಡುತ್ತದೆ. 3.51ರಿಂದ 4 ಬಂದರೆ ಎ++. 3.26ರಿಂದ 3.50 ಎ+. 3.01ರಿಂದ 3.25 ಎ. ಅದರ ಕೆಳಗೆ ಬಿ++, ಬಿ+, ಬಿ, ಸಿ. 1.50 ಅಥವಾ ಅದಕ್ಕಿಂತ ಕಡಿಮೆಯಾದರೆ ಮಾನ್ಯತೆ ಇಲ್ಲ. ಗ್ರೇಡಿಗಿಂತ ಅಂಕ ಕೇಳುವುದು ಮೇಲು. 3.25 ಮತ್ತು 3.26ರ ನಡುವೆ ಒಂದು ಗ್ರೇಡಿನ ವ್ಯತ್ಯಾಸ ಇದೆ, ಪಾಠದಲ್ಲಿ ಏನೂ ಇಲ್ಲ.

ಒಂದೇ ಗ್ರೇಡು ಎಲ್ಲ ಕಡೆ ಒಂದೇ ಅರ್ಥ ಕೊಡುವುದಿಲ್ಲ ಎನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. 2017ರಲ್ಲಿ ಬಂದ ಚೌಕಟ್ಟಿನಲ್ಲಿ ಒಟ್ಟು 1,000 ಅಂಕ. ಅದರಲ್ಲಿ ಸಂಯೋಜಿತ ಕಾಲೇಜಿಗೆ ಬೋಧನೆ ಮತ್ತು ಮೌಲ್ಯಮಾಪನಕ್ಕೆ 350. ವಿಶ್ವವಿದ್ಯಾಲಯಕ್ಕೆ ಅದೇ ಮಾನದಂಡಕ್ಕೆ 200, ಸಂಶೋಧನೆಗೆ 250. ಹಾಗಾಗಿ ಡಿಗ್ರಿ ಕಾಲೇಜಿನ ‘ಎ’ಗೂ ವಿಶ್ವವಿದ್ಯಾಲಯದ ‘ಎ’ಗೂ ನೇರ ಹೋಲಿಕೆ ಮಾಡಬಾರದು. ಪದವಿಗೆ ಸೇರುವವರ ದೃಷ್ಟಿಯಿಂದ ನೋಡಿದರೆ ಕಾಲೇಜಿನ ಗ್ರೇಡೇ ಹೆಚ್ಚು ಹತ್ತಿರದ್ದು.

ಇನ್ನೊಂದು ಚಾಲಾಕಿ ಗಮನಿಸಿ. ವಿಶ್ವವಿದ್ಯಾಲಯಕ್ಕೆ ಸಿಕ್ಕ ಗ್ರೇಡು ಅದರ ಸಂಯೋಜಿತ ಕಾಲೇಜುಗಳಿಗೆ ಸೇರುವುದಿಲ್ಲ. ಒಂದೇ ಟ್ರಸ್ಟಿನ ಐದು ಕಾಲೇಜುಗಳಲ್ಲಿ ಒಂದಕ್ಕೆ ಸಿಕ್ಕಿದ ಎ+ ಉಳಿದ ನಾಲ್ಕಕ್ಕೆ ಸೇರುವುದಿಲ್ಲ. ಜಾಹೀರಾತಿನಲ್ಲಿ ಮಾತ್ರ ಎಲ್ಲದರ ತಲೆಯ ಮೇಲೂ ಅದೇ ಕಿರೀಟ.

ತಾರೀಖಿನ ಮಾತು ಮುಖ್ಯ. ಗ್ರೇಡು ಸಾಮಾನ್ಯವಾಗಿ ಐದು ವರ್ಷ ನಡೆಯುತ್ತದೆ. ಸತತವಾಗಿ ಮೂರು ಬಾರಿ ಅತಿ ಮೇಲಿನ ಗ್ರೇಡು ಪಡೆದವರಿಗೆ ಏಳು ವರ್ಷ. ಆ ಗ್ರೇಡು ಕೊಡುವುದು ಹಿಂದಿನ ಐದು ವರ್ಷಗಳ ಮಾಹಿತಿಯ ಮೇಲೆ. ಅಂದರೆ 2021ರಲ್ಲಿ ಸಿಕ್ಕ ಎ+ ಹೇಳುವುದು ಹೆಚ್ಚು ಕಡಿಮೆ 2016ರಿಂದ 2020ರ ಕಾಲೇಜಿನ ಕಥೆ. ಆಗಿದ್ದ ಪ್ರಿನ್ಸಿಪಾಲರು ನಿವೃತ್ತರಾಗಿರಬಹುದು, ಒಳ್ಳೆಯ ಮೇಷ್ಟರು ಬೇರೆ ಕಡೆ ಹೋಗಿರಬಹುದು. ಪ್ರಮಾಣಪತ್ರದ ಮೇಲಿನ ದಿನಾಂಕವನ್ನೂ ಎಷ್ಟನೇ ಸುತ್ತು ಎನ್ನುವುದನ್ನೂ ನೋಡಿ.

ನ್ಯಾಕ್‌ನಲ್ಲೂ ಗ್ರೇಡಿಗಿಂತ ಉಪಯೋಗದ್ದೊಂದು ಇದೆ. ಪರಿಶೀಲನಾ ತಂಡದ ವರದಿ. ಹೊರಗಿನ ಪ್ರಾಧ್ಯಾಪಕರ ತಂಡ ಕಾಲೇಜಿಗೆ ಬಂದು ನೋಡಿ ಬರೆಯುವ ವರದಿ ಇದು. ಅದರ ಕೊನೆಯ ಭಾಗದಲ್ಲಿ ಸಂಸ್ಥೆಯ ಶಕ್ತಿ, ದೌರ್ಬಲ್ಯ, ಅವಕಾಶ, ಸವಾಲುಗಳನ್ನು ಪಟ್ಟಿ ಮಾಡಿರುತ್ತಾರೆ. ಶಕ್ತಿಯ ಭಾಗವನ್ನು ಬಿಟ್ಟುಬಿಡಿ, ಅದು ಎಲ್ಲ ಕಡೆ ಒಂದೇ ಥರ ಇರುತ್ತದೆ. ದೌರ್ಬಲ್ಯದ ಭಾಗ ಓದಿ. ಮರ್ಯಾದೆಯ ಭಾಷೆಯಲ್ಲೇ ಬರೆದಿರುತ್ತಾರೆ, ಆದರೆ ‘ಕಾಯಂ ಅಧ್ಯಾಪಕರ ನೇಮಕ ಆಗಬೇಕು’ ಅಂತ ಇದ್ದರೆ ಅಲ್ಲಿ ಗೆಸ್ಟ್ ಲೆಕ್ಚರರ್‌ಗಳೇ ಜಾಸ್ತಿ ಅಂತ ತಿಳಿಯಿರಿ.

ನ್ಯಾಕ್‌ನ ಹೆಸರಿಗೆ ಪೆಟ್ಟು ಬಿದ್ದಿರುವುದನ್ನೂ ಹೇಳಲೇಬೇಕು. 2025ರ ಫೆಬ್ರವರಿಯಲ್ಲಿ ನ್ಯಾಕ್ ಪರಿಶೀಲನಾ ತಂಡವೊಂದರ ಅಧ್ಯಕ್ಷರೂ ಸೇರಿ ಹಲವರನ್ನು ಸಿಬಿಐ ಬಂಧಿಸಿತು. ಒಳ್ಳೆಯ ಗ್ರೇಡಿಗಾಗಿ ಲಂಚ ಕೊಡಲಾಯಿತು ಎನ್ನುವ ಆರೋಪ ಅದು. ಇಸ್ರೊದ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ಅವರ ಸಮಿತಿ ಅದಕ್ಕೂ ಮೊದಲೇ ಗ್ರೇಡುಗಳನ್ನು ಕೈಬಿಡಿ ಅಂತ ಹೇಳಿತ್ತು. ಮಾನ್ಯತೆ ಇದೆ ಅಥವಾ ಇಲ್ಲ ಅಷ್ಟೇ ಇರಲಿ, ಅದರ ಮೇಲೆ ಬೆಳೆಯಬಯಸುವವರಿಗೆ ಒಂದರಿಂದ ಐದರವರೆಗೆ ಹಂತಗಳಿರಲಿ ಎನ್ನುವುದು ಸಲಹೆ. ಬದಲಾವಣೆ ನಡೆಯುತ್ತಿರುವ ಈ ಕಾಲದಲ್ಲಿ ಹಳೆಯ ಗ್ರೇಡು, ಹೊಸ ಪದ್ಧತಿಯ ಮಾನ್ಯತೆ ಎರಡೂ ಜಾಹೀರಾತಿನಲ್ಲಿ ಒಟ್ಟಿಗೆ ಕಾಣಬಹುದು. ಎರಡನ್ನೂ ಒಂದೇ ಸಾಲಿನಲ್ಲಿಟ್ಟು ತೂಗಲು ಹೋಗಬೇಡಿ.

ಎನ್‌ಬಿಎ: ಬ್ರಾಂಚಿನ ಲೆಕ್ಕ

ಎಂಜಿನಿಯರಿಂಗ್‌ಗೆ ಹೋಗುವವರು ಅತಿ ಕಡಿಮೆ ಗಮನ ಕೊಡುವುದು ಇದಕ್ಕೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದೇ ಇದನ್ನು. ಕಾರಣ ಸರಳ. ಉಳಿದೆರಡೂ ಇಡೀ ಸಂಸ್ಥೆಯನ್ನು ನೋಡುತ್ತವೆ. ಎನ್‌ಬಿಎ ನೋಡುವುದು ಒಂದೊಂದು ಕೋರ್ಸನ್ನು. ನೀವು ನಾಲ್ಕು ವರ್ಷ ಕಳೆಯುವುದು ಒಂದು ಡಿಪಾರ್ಟ್‌ಮೆಂಟಿನಲ್ಲಿ ಅಲ್ವಾ? ಒಂದೇ ಕಾಲೇಜಿನ ಮೆಕ್ಯಾನಿಕಲ್‌ಗೆ ಮಾನ್ಯತೆ ಇದ್ದು, ಇನ್ಫರ್ಮೇಶನ್ ಸೈನ್ಸ್‌ಗೆ ಇಲ್ಲದೆ ಇರಬಹುದು.

ಎಐಸಿಟಿಇ ಇದನ್ನು 1994ರಲ್ಲಿ ಶುರು ಮಾಡಿತು. 2010ರಿಂದ ಇದು ಸ್ವಾಯತ್ತ ಸಂಸ್ಥೆ. ಎನ್‌ಐಆರ್‌ಎಫ್ ಪಟ್ಟಿಯ ಕೆಲಸವನ್ನು ನೋಡಿಕೊಳ್ಳುವುದೂ ಇದೇ ಕಚೇರಿ ಎನ್ನುವುದು ಹಲವರಿಗೆ ತಿಳಿದಿಲ್ಲ. ಮಾನ್ಯತೆ ಆರು ವರ್ಷಕ್ಕೆ ಅಥವಾ ಮೂರು ವರ್ಷಕ್ಕೆ ಸಿಗುತ್ತದೆ. ಆರು ವರ್ಷಕ್ಕೆ ಸಿಕ್ಕಿದ್ದರೆ ಅಂಕ ಚೆನ್ನಾಗಿ ಬಂದಿದೆ ಅಂತ ಅರ್ಥ. ಎನ್‌ಬಿಎ ಜಾಲತಾಣದಲ್ಲಿ ಕಾಲೇಜಿನ ಹೆಸರು ಹಾಕಿದರೆ ಯಾವ ಬ್ರಾಂಚಿಗೆ ಯಾವ ತಾರೀಖಿನವರೆಗೆ ಮಾನ್ಯತೆ ಅಂತ ಬರುತ್ತದೆ. ಸಾಮಾನ್ಯವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಸೀಟು ಹಂಚಿಕೆ ನಡೆಯುವುದು ಅದರ ಆಸುಪಾಸಿನಲ್ಲೇ. ಹಾಗಾಗಿ ಬ್ರೋಷರಿನಲ್ಲಿರುವ ಮಾನ್ಯತೆ ನೀವು ಸೇರುವ ಹೊತ್ತಿಗೆ ಮುಗಿದಿರಬಹುದು.

ಹೊಸ ಬ್ರಾಂಚುಗಳ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ಎರಡು ಬ್ಯಾಚು ಪಾಸಾಗಿ ಹೊರಗೆ ಹೋಗುವವರೆಗೆ ಅರ್ಜಿ ಹಾಕಲು ಬರುವುದಿಲ್ಲ. ಈಗಷ್ಟೇ ಶುರುವಾದ ಎಐ, ಡೇಟಾ ಸೈನ್ಸ್ ಕೋರ್ಸಿಗೆ ಎನ್‌ಬಿಎ ಇಲ್ಲದಿದ್ದರೆ ಅದು ದೋಷವಲ್ಲ. ಅದನ್ನು ನಡೆಸುವ ಕಂಪ್ಯೂಟರ್ ಸೈನ್ಸ್ ವಿಭಾಗಕ್ಕೆ ಇದೆಯೇ ಅಂತ ನೋಡಿ. ಇಪ್ಪತ್ತು ವರ್ಷ ಹಳೆಯ ಬ್ರಾಂಚಿಗೂ ಇಲ್ಲ ಅಂದರೆ ಮಾತ್ರ ಯಾಕೆ ಅಂತ ಕೇಳಬೇಕು.

ಮುಂದೆ ವಿದೇಶದಲ್ಲಿ ಎಂಜಿನಿಯರ್ ಆಗಿ ಕೆಲಸ ಮಾಡುವ ಆಸೆ ಇರುವವರಿಗೆ ಇಲ್ಲಿ ಒಂದು ಸೂಕ್ಷ್ಮ ಇದೆ. 2014ರ ಜೂನ್‌ನಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯ ಆಯಿತು. ಅದರ ಪ್ರಕಾರ ಇಲ್ಲಿನ ಎಂಜಿನಿಯರಿಂಗ್ ಪದವಿಯನ್ನು ಬೇರೆ ಸದಸ್ಯ ದೇಶಗಳು ತಮ್ಮ ಪದವಿಗೆ ಸಮ ಅಂತ ಒಪ್ಪುತ್ತವೆ. ಆದರೆ ಎಲ್ಲ ಎನ್‌ಬಿಎ ಕೋರ್ಸುಗಳಿಗೂ ಇದು ಅನ್ವಯಿಸದು. ಟಿಯರ್–1 ಅಡಿಯಲ್ಲಿ, ಅಂದರೆ ಸ್ವಾಯತ್ತ ಸಂಸ್ಥೆಗಳು ಮತ್ತು ವಿಶ್ವವಿದ್ಯಾಲಯಗಳ ಮಾದರಿಯಲ್ಲಿ ಮಾನ್ಯತೆ ಪಡೆದ ಕೋರ್ಸುಗಳಿಗೆ ಮಾತ್ರ. ವಿಶ್ವವಿದ್ಯಾಲಯದ ಪಠ್ಯಕ್ರಮ ನಡೆಸುವ ಮಾಮೂಲಿ ಸಂಯೋಜಿತ ಕಾಲೇಜುಗಳದ್ದು ಟಿಯರ್–2.

ಪತ್ರಿಕೆಗಳ ಪಟ್ಟಿ, ವಿದೇಶಿ ಪಟ್ಟಿ

ಇಂಡಿಯಾ ಟುಡೇ, ಔಟ್‌ಲುಕ್, ದ ವೀಕ್ ವರ್ಷಕ್ಕೊಮ್ಮೆ ಪಟ್ಟಿ ತರುತ್ತವೆ. ಎನ್‌ಐಆರ್‌ಎಫ್‌ನಲ್ಲಿ ಇಲ್ಲದ ಬಿಸಿಎ, ಬಿಬಿಎ, ಫ್ಯಾಷನ್, ಪತ್ರಿಕೋದ್ಯಮದಂಥ ಕೋರ್ಸುಗಳಿಗೆ ಇವು ಸ್ವಲ್ಪ ಸಹಾಯಕ್ಕೆ ಬರುತ್ತವೆ. ಆದರೆ ಅದೇ ಸಂಚಿಕೆಯಲ್ಲಿ ಕಾಲೇಜುಗಳ ಪುಟಗಟ್ಟಲೆ ಜಾಹೀರಾತೂ ಇರುತ್ತದೆ ಎನ್ನುವುದನ್ನು ಮರೆಯಬಾರದು. ಹೆಸರೇ ಕೇಳದ ಸಂಸ್ಥೆ ಹೋಟೆಲ್‌ನಲ್ಲಿ ಸಮಾರಂಭ ಮಾಡಿ ಕೊಟ್ಟ ‘ಎಕ್ಸಲೆನ್ಸ್ ಅವಾರ್ಡ್’ ಇದ್ದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಕ್ಯೂಎಸ್, ಟೈಮ್ಸ್ ಹೈಯರ್ ಎಜುಕೇಶನ್‌ನಂಥ ಜಾಗತಿಕ ಪಟ್ಟಿಗಳು ಕರ್ನಾಟಕದಲ್ಲಿ ಪದವಿ ಓದುವವರಿಗೆ ಬಹುತೇಕ ಬೇಕಿಲ್ಲ. 2020ರಲ್ಲಿ ಏಳು ಹಳೆಯ ಐಐಟಿಗಳೇ ಪಾರದರ್ಶಕತೆ ಸಾಲದು ಅಂತ ಟೈಮ್ಸ್ ಪಟ್ಟಿಯಿಂದ ಹೊರಗುಳಿದವು. ಹೊರದೇಶದಲ್ಲಿ ಎಂ.ಎಸ್. ಮಾಡಲು ವಿಶ್ವವಿದ್ಯಾಲಯ ಹುಡುಕುವಾಗ ಬೇಕಾದರೆ ನೋಡಿ.

ಯಾರು ಯಾವುದನ್ನು ಮೊದಲು ನೋಡಬೇಕು?

ಸಿಇಟಿ ಬರೆದು ಎಂಜಿನಿಯರಿಂಗ್‌ಗೆ ಆಪ್ಷನ್ ಎಂಟ್ರಿ ಮಾಡುವವರು ಮೊದಲು ಕೆಇಎ ಪ್ರಕಟಿಸುವ ಹಿಂದಿನ ವರ್ಷದ ಕಟಾಫ್ ರ‍್ಯಾಂಕ್ ಇಟ್ಟುಕೊಂಡು ಸಿಗಬಹುದಾದ ಹತ್ತು ಹದಿನೈದು ಕಾಲೇಜು ಗುರುತು ಮಾಡಿಕೊಳ್ಳಿ. ಕಟಾಫ್ ಕೂಡ ಒಂದು ರೀತಿಯ ರ‍್ಯಾಂಕಿಂಗೇ, ನಿಮ್ಮ ಸೀನಿಯರ್‌ಗಳು ಕೊಟ್ಟ ವೋಟು. ಆದರೆ ಅದು ಬೇಡಿಕೆ ಹೇಳುತ್ತದೆ, ಗುಣಮಟ್ಟವನ್ನಲ್ಲ. ಬೆಂಗಳೂರಿನಲ್ಲಿ ಇದೆ ಎನ್ನುವ ಒಂದೇ ಕಾರಣಕ್ಕೆ ಕೆಲವು ಕಾಲೇಜುಗಳ ಕಟಾಫ್ ಬೇಗ ಮುಗಿಯುತ್ತದೆ. ಆಮೇಲೆ ಆ ಪಟ್ಟಿಯಿಂದ ನಿಮ್ಮ ಬ್ರಾಂಚಿಗೆ ಎನ್‌ಬಿಎ ಇರುವವನ್ನು ಬೇರೆ ಮಾಡಿ. ಹಾಗೆ ಆರಿಸಿಕೊಂಡವುಗಳ ಎನ್‌ಐಆರ್‌ಎಫ್ ಪಿಡಿಎಫ್ ತೆಗೆದು ಮಧ್ಯದ ಸಂಬಳ, ಸಮಯಕ್ಕೆ ಮುಗಿಸಿದವರ ಪ್ರಮಾಣ ಬರೆದುಕೊಳ್ಳಿ. ನ್ಯಾಕ್ ಗ್ರೇಡು ಕೊನೆಗೆ ಬಂದರೂ ಪರವಾಗಿಲ್ಲ. ಎರಡು ಕಾಲೇಜು ಸಮಸಮ ಅನ್ನಿಸಿದರೆ ಫೀಸು ಮತ್ತು ಮನೆಯಿಂದ ದೂರ ತೀರ್ಮಾನ ಮಾಡಲಿ.

ಬಿಎ, ಬಿಎಸ್ಸಿ, ಬಿಕಾಂಗೆ ಹೋಗುವವರಿಗೆ ಲೆಕ್ಕ ತಿರುಗುತ್ತದೆ. ಎನ್‌ಬಿಎ ಅವರಿಗೆ ಸಂಬಂಧವಿಲ್ಲ, ಎನ್‌ಐಆರ್‌ಎಫ್‌ನಲ್ಲಿ ಹತ್ತಿರದ ಕಾಲೇಜು ಸಿಗುವ ಸಂಭವ ಕಡಿಮೆ. ಅವರಿಗೆ ನ್ಯಾಕ್‌ನ ತಂಡದ ವರದಿಯೇ ಗಟ್ಟಿ ಆಧಾರ. ಜೊತೆಗೆ ಪ್ರತಿ ವರ್ಷ ಕಾಲೇಜು ನ್ಯಾಕ್‌ಗೆ ಸಲ್ಲಿಸುವ ವಾರ್ಷಿಕ ವರದಿ ಜಾಲತಾಣದಲ್ಲಿ ಇದೆಯೇ ನೋಡಿ. ಎರಡು ಮೂರು ವರ್ಷದಿಂದ ಹಾಕೇ ಇಲ್ಲ ಅಂದರೆ ಗ್ರೇಡು ಬಂದ ಮೇಲೆ ಎಲ್ಲರೂ ಮಲಗಿದ್ದಾರೆ ಅಂತ ಅಂದುಕೊಳ್ಳಬಹುದು.

ಕಾನೂನು ಮತ್ತು ಮ್ಯಾನೇಜ್‌ಮೆಂಟ್‌ನಲ್ಲಿ ಎನ್‌ಐಆರ್‌ಎಫ್‌ನ ಮೇಲಿನ ಸಾಲುಗಳು ಸಾಮಾನ್ಯ ತಿಳಿವಳಿಕೆಗೆ ಹೊಂದುತ್ತವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ವರ್ಷಗಳಿಂದ ಕಾನೂನಿನಲ್ಲಿ ಮೊದಲನೆಯದು, ಅದನ್ನು ತಿಳಿಯಲು ಪಟ್ಟಿ ಬೇಕಿರಲಿಲ್ಲ. ಅದರಾಚೆಗಿನ ಎಂಬಿಎ ಕಾಲೇಜುಗಳಿಗೆ ಮತ್ತದೇ ಪಿಡಿಎಫ್. ಎರಡು ವರ್ಷಕ್ಕೆ ಕಟ್ಟುವ ಫೀಸನ್ನೂ ಮಧ್ಯದ ಸಂಬಳವನ್ನೂ ಪಕ್ಕಪಕ್ಕ ಬರೆದು ನೋಡಿ. ಫೀಸೇ ದೊಡ್ಡದಾಗಿ ಕಂಡರೆ ಇನ್ನೊಮ್ಮೆ ಯೋಚಿಸಿ.

ಎಂಎಸ್ಸಿ, ಪಿಎಚ್‌.ಡಿ. ಮಾಡುವವರು ಮಾತ್ರ ಎನ್‌ಐಆರ್‌ಎಫ್‌ನ ಸಂಶೋಧನೆಯ ಅಂಕವನ್ನು ಮನಸ್ಸಿಟ್ಟು ನೋಡಬೇಕು. ಅಲ್ಲೂ ಸಂಖ್ಯೆಗೆ ಮರುಳಾಗಬೇಡಿ. ರ‍್ಯಾಂಕಿಗಾಗಿ ಪ್ರಬಂಧಗಳನ್ನು ರಾಶಿ ಹಾಕುವ ಚಾಳಿ ಬೆಳೆದು, ಪ್ರಕಟವಾದ ಮೇಲೆ ವಾಪಸ್ ಪಡೆದ ಪ್ರಬಂಧಗಳಿಗೆ 2025ರಲ್ಲಿ ಎನ್‌ಐಆರ್‌ಎಫ್ ಅಂಕ ಕಳೆಯಲು ಶುರು ಮಾಡಿತು. ನಿಮಗೆ ಬೇಕಾದ್ದು ಸಂಸ್ಥೆಗಿಂತ ಮಾರ್ಗದರ್ಶಕರು. ಅವರ ಇತ್ತೀಚಿನ ಪ್ರಬಂಧಗಳನ್ನು ಓದಿ, ಅವರ ಕೈಕೆಳಗೆ ಓದಿದವರು ಎಷ್ಟು ವರ್ಷದಲ್ಲಿ ಮುಗಿಸಿದರು, ಈಗ ಎಲ್ಲಿದ್ದಾರೆ ಅಂತ ವಿಚಾರಿಸಿ.

ಆನ್‌ಲೈನ್ ಪದವಿ ಆರಿಸುವವರಿಗೆ ಕೊನೆಯದಾಗಿ ಒಂದು ಮಾತು. ಯುಜಿಸಿಯ 2020ರ ನಿಯಮದ ಪ್ರಕಾರ ಪೂರ್ತಿ ಆನ್‌ಲೈನ್ ಕೋರ್ಸು ನಡೆಸಲು ವಿಶ್ವವಿದ್ಯಾಲಯಕ್ಕೆ ನ್ಯಾಕ್‌ನಲ್ಲಿ 3.26 ಇರಬೇಕು, ಇಲ್ಲವೇ ಹಿಂದಿನ ಮೂರು ಸುತ್ತುಗಳಲ್ಲಿ ಎರಡು ಸಲವಾದರೂ ಎನ್‌ಐಆರ್‌ಎಫ್ ವಿಶ್ವವಿದ್ಯಾಲಯ ಪಟ್ಟಿಯ ಮೊದಲ ನೂರರಲ್ಲಿರಬೇಕು. ಹಾಗಾಗಿ ಅಲ್ಲಿ ‘ನ್ಯಾಕ್ ಎ+’ ಎನ್ನುವುದು ಹೆಚ್ಚುಗಾರಿಕೆಯಲ್ಲ, ಹೆಚ್ಚಿನವರಿಗೆ ಅದು ಒಳಗೆ ಬರುವ ಟಿಕೆಟ್ಟು. ಆ ಕೋರ್ಸಿಗೆ ಈ ವರ್ಷ ಅನುಮತಿ ಇದೆಯೇ ಅಂತ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿಕೊಂಡ ಮೇಲೆಯೇ ಹಣ ಕಟ್ಟಿ.